ಆಡಿಯೋ ಫೈಲು ಕೊಟ್ರಿ ಸರ್, ಪುಸ್ತಕ ಯಾವುದು?

ಡಿಜಿಟಲ್ ಮೀಡಿಯಾ ಕೋರ್ಸಿಗೆ ಸೇರಿದವರು ಮೊದಲ ವಾರವೇ ಇದನ್ನು ಕೇಳುತ್ತಾರೆ. ಅವರ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಆಡಿಯೋ ಭಾಗಕ್ಕೆ ನಾನು ಪುಸ್ತಕ ಹೇಳುವುದಿಲ್ಲ, ರೆಕಾರ್ಡಿಂಗುಗಳ ಒಂದು ಫೋಲ್ಡರ್ ಕೊಡುತ್ತೇನೆ. ಅದೇ ಪಠ್ಯ. ಶಬ್ದದ ಬಗ್ಗೆ ಎಷ್ಟು ಓದಿದರೂ ಕಿವಿ ಪಳಗುವುದಿಲ್ಲ. ಕೇಳಿ ಕೇಳಿಯೇ ಪಳಗಬೇಕು.

ಮೊದಲ ಫೈಲು ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಹಾಡಿದ್ದು. 1902ರ ನವೆಂಬರಿನಲ್ಲಿ ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾದಲ್ಲಿ ಅವರ ದನಿ ಮುದ್ರಿಸಿಕೊಂಡರು. ಮೂರು ನಿಮಿಷದ ಆಸುಪಾಸಿನ ಹಾಡು. ಮುಗಿಯುತ್ತಿದ್ದಂತೆ ಆಕೆ ಗಟ್ಟಿಯಾಗಿ 'ಮೈ ನೇಮ್ ಈಸ್ ಗೌಹರ್ ಜಾನ್' ಅನ್ನುತ್ತಾರೆ. ಕ್ಲಾಸು ನಗುತ್ತದೆ. ಯಾಕೆ ಹಾಗಂದರು ಅಂತ ಕೇಳಿದರೆ ಸುಮ್ಮನಾಗುತ್ತದೆ. ರೆಕಾರ್ಡು ತಯಾರಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಯಾರು ಹಾಡಿದ್ದು ಅಂತ ಅಲ್ಲಿಯವರಿಗೆ ಗೊತ್ತಾದರೆ ತಾನೇ ಲೇಬಲ್ ಹಚ್ಚುವುದು? ಈಗ ನಾವು ಫೈಲಿನೊಳಗೆ ತುಂಬುವ ಮೆಟಾಡೇಟಾ, ಅಂದರೆ ಫೈಲು ಯಾರದು, ಯಾವಾಗಿನದು ಅನ್ನುವ ವಿವರ, ಆಗ ಹಾಡುವವರ ಬಾಯಲ್ಲೇ ಇತ್ತು. ಇಷ್ಟು ಗೊತ್ತಾದವರು ಆಮೇಲೆ ಹೆಸರು, ತಾರೀಕು ಹಾಕದೆ ಫೈಲ್ ಕಳಿಸುವುದು ಕಡಿಮೆ.

ಅದನ್ನೇ ಮತ್ತೆ ಕೇಳಿಸುತ್ತೇನೆ. ಮೈಕ್ ಇಲ್ಲದ ಕಾಲ. ದೊಡ್ಡ ಕೊಳವೆಗೆ ಮುಖ ಕೊಟ್ಟು ಹಾಡಬೇಕಿತ್ತು. ತಗ್ಗಿನ ಸ್ವರಗಳು ಸೊರಗಿವೆ, ದನಿ ಡಬ್ಬಿಯೊಳಗಿಂದ ಬಂದ ಹಾಗಿದೆ. ಬೆನ್ನಿಗೇ, 1925ರಲ್ಲಿ ಮೈಕಿನ ಮುದ್ರಣ ಬಂದ ಮೇಲಿನ ಒಂದು ರೆಕಾರ್ಡು ಹಾಕುತ್ತೇನೆ. ಹಾಡುಗಾರ ಪಕ್ಕಕ್ಕೇ ಬಂದು ಕೂತಂತಾಗುತ್ತದೆ. ವಿವರಣೆ ಬೇಕಾಗುವುದೇ ಇಲ್ಲ. ಗೌಹರ್ ಜಾನ್ ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಅಲ್ಲೇ ತೀರಿಕೊಂಡರು. ಇದು ಮೈಸೂರಿನ ಹುಡುಗರಿಗೂ ಗೊತ್ತಿರುವುದಿಲ್ಲ, ಅದೊಂದು ಬೇಜಾರು ನನಗೆ.

ಇನ್ನೊಂದು ಪಾಠ ಫೋನಿನದು. ಹೆಸರಿನ ಸ್ಪೆಲಿಂಗ್ ಹೇಳುವಾಗ 'ಎಸ್ಸಾ, ಎಫ್ಫಾ?' ಅಂತ ಆ ಕಡೆಯವರು ಕೇಳುತ್ತಾರಲ್ವಾ? ಹಳೆಯ ಬಗೆಯ ಫೋನ್ ಕರೆ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ (ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ) ಶಬ್ದವನ್ನಷ್ಟೇ ಸಾಗಿಸುತ್ತದೆ. 'ಸ'ಕಾರದ ಸಿಳ್ಳಿನಂಥ ಭಾಗ ಜಾಸ್ತಿ ಇರುವುದು ಅದಕ್ಕಿಂತ ಮೇಲೆ. ಒಬ್ಬರ ಮಾತನ್ನು ಮೈಕಿನಲ್ಲೂ ಅಂಥ ಕರೆಯಲ್ಲೂ ಮುದ್ರಿಸಿ ಆಡಾಸಿಟಿ ಎಂಬ ಆಡಿಯೋ ತಂತ್ರಾಂಶದಲ್ಲಿ ಸ್ಪೆಕ್ಟ್ರೋಗ್ರಾಮ್ (ತಗ್ಗಿನ ಸ್ವರ ಕೆಳಗೆ, ಏರು ಸ್ವರ ಮೇಲೆ ಕಾಣುವ ಶಬ್ದದ ಚಿತ್ರ) ತೆರೆದರೆ, ಫೋನಿನದರ ಮೇಲ್ಭಾಗ ಪೂರ್ತಿ ಖಾಲಿ. ಕಣ್ಣಿಗೂ ಕಂಡಿತು, ಕಿವಿಗೂ ಕೇಳಿತು.

ಕಾಪಿರೈಟ್ ಬಗ್ಗೆಯೂ ಕೇಳುತ್ತಾರೆ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಹಾಗಾಗಿ ಈ ಹಳೆಯ ರೆಕಾರ್ಡುಗಳ ಮಟ್ಟಿಗೆ ಆ ಚಿಂತೆ ಇಲ್ಲ.

ಕಿವಿ ಕೇಳದ ವಿದ್ಯಾರ್ಥಿ ಬಂದರೆ? ಇದು ನ್ಯಾಯವಾದ ಪ್ರಶ್ನೆ. ಅದಕ್ಕೇ ಪ್ರತಿ ಫೈಲಿನ ಜೊತೆ ಮಾತಿನ ಬರಹ ರೂಪ, ಸ್ಪೆಕ್ಟ್ರೋಗ್ರಾಮ್ ಚಿತ್ರ ಎರಡನ್ನೂ ಇಡುತ್ತೇನೆ. ಆದರೆ ಅಂಥವರಿಗೆ ಅಷ್ಟೇ ಸಾಲದು, ಪಾಠವನ್ನೇ ಬೇರೆ ರೀತಿ ಕಟ್ಟಬೇಕು. ಫೋಲ್ಡರ್ ಕೊಟ್ಟೆ ಅಂತ ಕೈ ತೊಳೆದುಕೊಳ್ಳಲು ಆಗುವುದಿಲ್ಲ.

ಇನ್ನು ಪರೀಕ್ಷೆ. ಏನೂ ಹೇಳದೆ ಅರ್ಧ ನಿಮಿಷದ ತುಣುಕು ಹಾಕುತ್ತೇನೆ. ಮೈಕ್ ಬಾಯಿಗೆ ಎಷ್ಟು ಹತ್ತಿರವಿತ್ತು, ಕೋಣೆ ಖಾಲಿಯಿತ್ತೋ ಸಾಮಾನು ತುಂಬಿತ್ತೋ, ಎಲ್ಲಿ ಕತ್ತರಿಸಿ ಅಂಟಿಸಿದ್ದಾರೆ ಅಂತ ಬರೆಯಬೇಕು. ಎರಡು ಸಲ ಕೇಳಿಸುತ್ತೇನೆ. ಇನ್ನೊಂದು ಸಲ ಹಾಕಿ ಅಂದರೆ ಅದಕ್ಕೂ ಸೈ.