ಸ್ಟ್ಯಾಟ್2 ಪಟ್ಟಿ ಮಾಯವಾಗುವ ದಿನ

ಡೆಂಗಿ ವೈರಸ್ಸಿನ ಎನ್‌ಎಸ್5 ಎಂಬ ಪ್ರೋಟೀನು ಕೋಶದ ರಕ್ಷಣಾ ಪ್ರೋಟೀನು ಸ್ಟ್ಯಾಟ್2ನ್ನು ಹೇಗೆ ಇಲ್ಲವಾಗಿಸುತ್ತದೆ ಎಂದು ನೋಡುವ ಪ್ರಯೋಗವಿದು. ಬೆಳಿಗ್ಗೆ ಇನ್‌ಕ್ಯುಬೇಟರಿನಿಂದ ಆರು ವೆಲ್‌ಗಳ (ಗುಳಿಗಳ) ಪ್ಲೇಟು ಹೊರಗೆ ಬಂದಾಗ ಮೊದಲು ನೋಡುವುದು ಕೋಶಗಳು ತಳ ಬಿಟ್ಟಿವೆಯೇ ಎಂದು. ಮಾನವ ಮೂತ್ರಪಿಂಡ ಮೂಲದ ಎಚ್‌ಇಕೆ 293ಟಿ ಕೋಶಗಳ ಹಿಡಿತ ಸಡಿಲ. ಮೀಡಿಯಂ ಅನ್ನು ನೇರ ಮೇಲಿಂದ ಸುರಿದರೆ ಪದರ ಪದರವಾಗಿ ಎದ್ದುಬಿಡುತ್ತವೆ. ಗೋಡೆಗೆ ತಾಗಿಸಿ ನಿಧಾನವಾಗಿ ಬಿಡಬೇಕು. ಹಿಂದಿನ ದಿನ ಈ ಕೋಶಗಳಿಗೆ ವೆಲ್ಲಿಗೆ 2 ಮೈಕ್ರೋಗ್ರಾಂನಂತೆ ಪ್ಲಾಸ್ಮಿಡ್, ಅಂದರೆ ಜೀನ್ ಹೊತ್ತೊಯ್ಯುವ ಡಿಎನ್‌ಎ ಉಂಗುರ, ಕೊಟ್ಟಾಗಿತ್ತು. ಎರಡು ವೆಲ್‌ಗಳಿಗೆ ಖಾಲಿ ಪ್ಲಾಸ್ಮಿಡ್, ಇನ್ನೆರಡಕ್ಕೆ ಮುಂದೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನು ಜೋಡಿಸಿದ ಡೆಂಗಿ ಎನ್‌ಎಸ್5, ಉಳಿದೆರಡಕ್ಕೆ ಮುಂದೆ ಫ್ಲ್ಯಾಗ್ ಎಂಬ ಟ್ಯಾಗ್ (ಗುರುತಿನ ತುಣುಕು) ಅಂಟಿಸಿದ ಎನ್‌ಎಸ್5. ಎರಡು ಎನ್‌ಎಸ್5ಗಳ ಬಾಲದಲ್ಲೂ ಎಚ್‌ಎ ಟ್ಯಾಗ್ ಇತ್ತು. ಹಾಗಾಗಿ ಎರಡನ್ನೂ ಒಂದೇ ಆಂಟಿಬಾಡಿಯಿಂದ ಅಳೆಯಬಹುದು.

ಎನ್‌ಎಸ್5ರ ಮುಖ್ಯ ಕೆಲಸ ವೈರಸ್ಸಿನ ಆರ್‌ಎನ್‌ಎ ನಕಲು ಮಾಡುವುದು. ಜೊತೆಗೆ ಅದು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ವೈರಸ್ ಬಂದಾಗ ಎಚ್ಚರಿಸುವ ಇಂಟರ್‌ಫೆರಾನ್ ಕೋಶದ ಗ್ರಾಹಕಕ್ಕೆ ತಾಗಿದರೆ ಸ್ಟ್ಯಾಟ್1, ಸ್ಟ್ಯಾಟ್2, ಐಆರ್‌ಎಫ್9 ಎಂಬ ಮೂರು ಪ್ರೋಟೀನುಗಳೂ ಕೂಡಿ ನ್ಯೂಕ್ಲಿಯಸ್ ಹೊಕ್ಕು ವೈರಸ್‌ವಿರೋಧಿ ಜೀನ್‌ಗಳನ್ನು ಎಬ್ಬಿಸುತ್ತವೆ. ಎನ್‌ಎಸ್5 ಸ್ಟ್ಯಾಟ್2ನ್ನು ಹಿಡಿದು ಯುಬಿಆರ್4 ಎಂಬ ಯುಬಿಕ್ವಿಟಿನ್ ಲೈಗೇಸಿನ (ಯುಬಿಕ್ವಿಟಿನ್ ಅಂಟಿಸಿ ಒಡೆಯಲು ಗುರುತು ಹಾಕುವ ಕಿಣ್ವದ) ಬಳಿಗೆ ತರುತ್ತದೆ, ಮುಂದಿನದನ್ನು ಪ್ರೋಟಿಯಾಸೋಮ್ ನೋಡಿಕೊಳ್ಳುತ್ತದೆ. ಹಾಳಾದ ಪ್ರೋಟೀನುಗಳನ್ನು ವಿಲೇವಾರಿ ಮಾಡಲು ಕೋಶ ಇಟ್ಟುಕೊಂಡ ಯಂತ್ರಕ್ಕೆ ಕೋಶದ ಕಾವಲುಗಾರನನ್ನೇ ತಳ್ಳಲಾಗುತ್ತದೆ. ವೈರಸ್ ಸ್ವಂತ ಲೈಗೇಸನ್ನೂ ತರುವುದಿಲ್ಲ, ಸ್ವಂತ ಪ್ರೋಟಿಯಾಸೋಮನ್ನೂ ತರುವುದಿಲ್ಲ.

ಹತ್ತು ಗಂಟೆಗೆ ಪ್ರತಿ ಜೋಡಿಯ ಒಂದು ವೆಲ್ಲಿಗೆ ಪ್ರೋಟಿಯಾಸೋಮನ್ನು ತಡೆಯುವ ಔಷಧ ಎಂಜಿ132 ಹಾಕಿದ್ದಾಯಿತು. 10 ಮಿಲಿಮೋಲಾರ್ ದಾಸ್ತಾನಿನಿಂದ ಸಾವಿರಕ್ಕೆ ಒಂದು ಪಾಲು, ಅಂದರೆ 10 ಮೈಕ್ರೋಮೋಲಾರ್. ಇನ್ನೊಂದು ವೆಲ್ಲಿಗೆ ಅಷ್ಟೇ ಡಿಎಂಎಸ್‌ಒ, ಅಂದರೆ ಔಷಧವಿಲ್ಲದ ಬರೀ ದ್ರಾವಕ. ಆರು ಗಂಟೆ ಸಾಕು. ರಾತ್ರಿಯಿಡೀ ಬಿಟ್ಟರೆ ಕೋಶಗಳೇ ಸಾಯತೊಡಗುತ್ತವೆ, ಪ್ರೋಟೀನುಗಳನ್ನು ಪಟ್ಟಿಗಳಾಗಿ ತೋರಿಸುವ ಬ್ಲಾಟಿನಲ್ಲಿ ಕಾಣುವುದು ವೈರಸ್ಸಿನ ಕೆಲಸವೋ ಸಾವಿನ ಗುರುತೋ ತಿಳಿಯುವುದಿಲ್ಲ. ಪದೇಪದೇ ಕರಗಿಸಿ ಹೆಪ್ಪುಗಟ್ಟಿಸಿದ ಎಂಜಿ132 ಕಸುವು ಕಳೆದುಕೊಳ್ಳುತ್ತದೆ. ಅದನ್ನು ಸಣ್ಣ ಸಣ್ಣ ಪಾಲುಗಳಾಗಿ ಹಂಚಿ ಮೈನಸ್ 20ರಲ್ಲಿಡಬೇಕು.

ಔಷಧ ಕೆಲಸ ಮಾಡಿತೇ ಎಂದು ನೋಡಲು ಪ್ರೋಟಿಯಾಸೋಮ್ ಸದಾ ಒಡೆಯುವ ಪಿ53 ಪ್ರೋಟೀನು ಏರಿತೇ ಎಂದು ಪರೀಕ್ಷಿಸುವ ರೂಢಿಯಿದೆ. 293ಟಿ ಕೋಶಗಳಲ್ಲಿ ಈ ಸಾಕ್ಷಿ ನಡೆಯದು. ಅಲ್ಲಿರುವ ಎಸ್‌ವಿ40 ವೈರಸ್ಸಿನ ದೊಡ್ಡ ಟಿ ಆಂಟಿಜನ್ ಎಂಬ ಪ್ರೋಟೀನು ಪಿ53ನ್ನು ಮೊದಲೇ ಹಿಡಿದಿಟ್ಟು ಉಳಿಸಿರುತ್ತದೆ. ಅದರ ಬದಲು ಲೇನಿನ (ಒಂದು ಮಾದರಿ ಓಡುವ ಸಾಲಿನ) ಮೇಲ್ಭಾಗದಲ್ಲಿ ಯುಬಿಕ್ವಿಟಿನ್ ಮಬ್ಬಾಗಿ ಹರಡಿದೆಯೇ ಎಂದು ನೋಡುವುದು ಮೇಲು.

ನಾಲ್ಕಕ್ಕೆ ಮಂಜುಗಡ್ಡೆಯ ಮೇಲೆ ಕೊಯ್ಲು. ವೆಲ್ಲಿಗೆ ಕೋಶ ಒಡೆಯುವ ರಿಪಾ ಬಫರ್ 150 ಮೈಕ್ರೋಲೀಟರ್, ಅದರಲ್ಲಿ ಪ್ರೋಟೀನು ಕತ್ತರಿಸುವ ಕಿಣ್ವಗಳನ್ನು ತಡೆಯುವ ಪ್ರೋಟಿಯೇಸ್ ಇನ್ಹಿಬಿಟರ್. ಯುಬಿಕ್ವಿಟಿನ್ ಸರಪಳಿಗಳನ್ನೂ ನೋಡುವುದಿದ್ದರೆ 10 ಮಿಲಿಮೋಲಾರ್ ಎನ್-ಈಥೈಲ್‌ಮಾಲಿಮೈಡ್ ಆಗಲೇ ತಾಜಾ ಕಲಸಿ ಸೇರಿಸಬೇಕು. ಇಲ್ಲದಿದ್ದರೆ ಕೋಶದ ಡಿಯುಬಿಕ್ವಿಟಿನೇಸುಗಳು ಟ್ಯೂಬಿನಲ್ಲೇ ಸರಪಳಿ ಕಳಚಿಬಿಡುತ್ತವೆ. ಲೇನಿಗೆ 30 ಮೈಕ್ರೋಗ್ರಾಂ ಪ್ರೋಟೀನು, 8 ಶೇಕಡಾ ಜೆಲ್. ಸ್ಟ್ಯಾಟ್2 ಸುಮಾರು 113 ಕಿಲೋಡಾಲ್ಟನ್, ಎನ್‌ಎಸ್5 ಅದಕ್ಕಿಂತ ತುಸು ಕೆಳಗೆ. ಹಾಗಾಗಿ ಜೆಲ್ಲಿನ ಪ್ರೋಟೀನು ಇಳಿಸಿಕೊಳ್ಳುವ ಪೊರೆ ಎರಡಕ್ಕೂ ಒಂದೇ ಆದರೆ ಪಟ್ಟಿಗಳು ಒಂದರ ಮೇಲೊಂದು ಬೀಳುತ್ತವೆ. ಎರಡು ಜೆಲ್ ಓಡಿಸುವ ಶ್ರಮ ಇಲ್ಲಿ ವ್ಯರ್ಥವಲ್ಲ.

ಮರುದಿನ ಪೊರೆ ಬೆಳಗಿದಾಗ ಖಾಲಿ ಪ್ಲಾಸ್ಮಿಡ್ಡಿನ ಲೇನಿನಲ್ಲಿ ಸ್ಟ್ಯಾಟ್2 ಗಟ್ಟಿಯಾಗಿತ್ತು. ಯುಬಿಕ್ವಿಟಿನ್-ಎನ್‌ಎಸ್5 ಇದ್ದಲ್ಲಿ ಗೆರೆ ಬಹುತೇಕ ಅಳಿಸಿತ್ತು. ಫ್ಲ್ಯಾಗ್ ಇದ್ದಲ್ಲಿ ಎನ್‌ಎಸ್5 ಅಷ್ಟೇ ಇದ್ದರೂ ಸ್ಟ್ಯಾಟ್2 ಕದಲದೆ ನಿಂತಿತ್ತು!

ಕಾರಣ ಎನ್‌ಎಸ್5ರ ತಲೆಯಲ್ಲಿದೆ. ಸೋಂಕಿತ ಕೋಶದಲ್ಲಿ ಅದು ಉದ್ದನೆಯ ಪಾಲಿಪ್ರೋಟೀನಿನಿಂದ ಪ್ರೋಟಿಯೇಸ್ ಕತ್ತರಿಸಿ ಹುಟ್ಟುತ್ತದೆ, ತುದಿಯಲ್ಲಿ ಗ್ಲೈಸೀನ್ ಬರುತ್ತದೆ. ಯುಬಿಆರ್4 ಜೊತೆಗಿನ ನಂಟಿಗೆ ಆ ತುದಿಯ ಮೊದಲ ಹತ್ತು ಅಮೈನೋ ಆಮ್ಲಗಳು ಬೇಕು. ಮುಂದೆ ಟ್ಯಾಗೋ ಮೆಥಿಯೋನೀನೋ ಕೂತರೆ ಎನ್‌ಎಸ್5 ಸ್ಟ್ಯಾಟ್2ನ್ನು ಹಿಡಿಯುತ್ತದೆ, ಆದರೆ ಕೆಡವಲಾರದು. ಯುಬಿಕ್ವಿಟಿನ್ ಜೋಡಿಸುವ ಉಪಾಯ ಇದಕ್ಕೇ: ಕೋಶದ ಕಿಣ್ವಗಳು ಅದರ ಕೊನೆಯ ಗ್ಲೈಸೀನಿನ ಬಳಿ ಕತ್ತರಿಸಿ ಎನ್‌ಎಸ್5ಗೆ ಸಹಜ ತುದಿಯನ್ನೇ ಕೊಡುತ್ತವೆ. ಟ್ಯಾಗ್ ಇಡುವುದಾದರೆ ಬಾಲಕ್ಕೆ ಮಾತ್ರ ಇಡಿ.

ಎಂಜಿ132 ಇದ್ದ ಲೇನಿನಲ್ಲಿ ಸ್ಟ್ಯಾಟ್2 ಮರಳಿದ್ದು ಅರ್ಧಂಬರ್ಧ. ಇದನ್ನು ಸೋಲೆಂದು ಓದಬಾರದು. ಔಷಧ ಹೋದದ್ದನ್ನು ಹಿಂದಿರುಗಿಸುವುದಿಲ್ಲ, ಆ ಆರು ಗಂಟೆಗಳಲ್ಲಿ ಉಳಿದದ್ದನ್ನೂ ಹೊಸದಾಗಿ ಹುಟ್ಟಿದ್ದನ್ನೂ ಕಾಯುತ್ತದೆ ಅಷ್ಟೆ. ಆದರೆ ಎಂಜಿ132 ಕ್ಯಾಲ್ಪೈನ್ ಮತ್ತು ಕ್ಯಾಥೆಪ್ಸಿನ್ ಎಂಬ ಬೇರೆ ಪ್ರೋಟಿಯೇಸ್‌ಗಳನ್ನೂ ತಡೆಯುವುದರಿಂದ, ಪ್ರೋಟಿಯಾಸೋಮನ್ನೇ ಹೆಚ್ಚು ನಿರ್ದಿಷ್ಟವಾಗಿ ತಡೆಯುವ ಬೋರ್ಟೆಜೋಮಿಬ್ ಹಾಕಿ ಇನ್ನೊಮ್ಮೆ ನೋಡದೆ ಪ್ರೋಟಿಯಾಸೋಮ್ ಎಂದು ಬರೆಯುವುದು ಅವಸರ. ಸ್ಟ್ಯಾಟ್2 ಸ್ವತಃ ಇಂಟರ್‌ಫೆರಾನ್ ಎಬ್ಬಿಸುವ ಜೀನ್‌ಗಳಲ್ಲೊಂದು. ಸಂಕೇತ ಕುಗ್ಗಿದರೆ ಅದರ ಉತ್ಪಾದನೆಯೂ ಕುಗ್ಗಬಹುದು. ಅದಕ್ಕೇ ಉಳಿದ ಕೋಶಗಳಿಂದ ಆರ್‌ಎನ್‌ಎ ತೆಗೆದು ಸ್ಟ್ಯಾಟ್2 ಸಂದೇಶವಾಹಕ ಆರ್‌ಎನ್‌ಎ ಮಟ್ಟವನ್ನು ಕ್ಯೂಪಿಸಿಆರ್ ಪರೀಕ್ಷೆಯಲ್ಲಿ ಅಳೆಯುವ ಕೆಲಸ ಮೂರನೆಯ ದಿನಕ್ಕೆ ಉಳಿಯಿತು.