ಗೋಡೆಗೆ ನೀರಿನ ಕ್ಯಾನ್ ಹೊರಿಸಿದ ಕಥೆ

ಹೋದ ವರ್ಷ ಶ್ರಾವಣದಲ್ಲಿ ಒಂದು ರಾತ್ರಿ ನಮ್ಮ ಮನೆಯ ಪುಸ್ತಕದ ಹಲಗೆಗಳು ಗೋಡೆ ಬಿಟ್ಟು ಕೆಳಗೆ ಬಂದವು. ಮೂರೂ ಒಟ್ಟಿಗೆ. ಬೆಳಗ್ಗೆ ನೋಡಿದರೆ ಬ್ರಾಕೆಟ್ ಬಗ್ಗಿರಲಿಲ್ಲ, ಹಲಗೆ ಮುರಿದಿರಲಿಲ್ಲ, ಸ್ಕ್ರೂ ಕೂಡ ನೆಟ್ಟಗೇ ಇತ್ತು, ಅದರ ತುದಿಗೆ, ಸ್ಕ್ರೂ ಹಿಡಿಯಲಿ ಅಂತ ಗೋಡೆಯ ತೂತಿಗೆ ತುರುಕುವ ಪ್ಲಾಸ್ಟಿಕ್ ಗಿಟ್ಟಿ ಹಾಗೇ ಅಂಟಿಕೊಂಡಿತ್ತು. ಗಿಟ್ಟಿಯ ಸುತ್ತ ಕೆಂಪು ಮಣ್ಣು.

ಅಂಗಡಿಯವರು ಬ್ರಾಕೆಟ್ ಕೊಡುವಾಗ ಹೇಳಿದ್ದು ನೆನಪಿದೆ. "ಒಂದು ಜೋಡಿ 80 ಕೆಜಿ ತಡೀತದ್ರಿ, ಏನೂ ಆಗಂಗಿಲ್ಲ." ಸುಳ್ಳೇನಲ್ಲ. ತಡೆದದ್ದು ಬ್ರಾಕೆಟ್. ಬಿಟ್ಟದ್ದು ಗೋಡೆ.

ನಮ್ಮದು ಕಲಬುರಗಿಯ ಬ್ರಹ್ಮಪುರದ ಹಳೇ ಮನೆ. ಶಹಾಬಾದ್ ಕಲ್ಲಿನ ಗೋಡೆ, ನಡುವೆ ಮಣ್ಣಿನ ಗಾರೆ, ಮೇಲೆ ಆಮೇಲೆ ಯಾವಾಗಲೋ ಹೊಡೆದ ಸಿಮೆಂಟ್ ಗಿಲಾವು. ಹೊರಗಿನಿಂದ ಎಲ್ಲಾ ಒಂದೇ ಥರ ಗಟ್ಟಿ ಕಾಣುತ್ತದೆ. ಒಳಗೆ ಎಲ್ಲಿ ಕಲ್ಲು, ಎಲ್ಲಿ ಸಂದು, ಗೊತ್ತಾಗಲ್ಲ. ಮೊದಲ ಸಲ ಕೂರಿಸಿದ ಬಡಗಿಯೂ ನೋಡಲಿಲ್ಲ, ನಾನೂ ಕೇಳಲಿಲ್ಲ.

ಎರಡನೇ ಸಲ ನಾನೇ ಮಾಡೋಣ ಅಂದುಕೊಂಡೆ. ಬೇಕಾದದ್ದು ಮೊದಲಿನ ಥರದ್ದೇ, ಉದ್ದಕ್ಕೂ ತೂತಿರುವ ಕಬ್ಬಿಣದ ಪಟ್ಟಿ, ಬೇಕಾದ ತೂತಿಗೆ ಸಿಕ್ಕಿಸುವ ಬ್ರಾಕೆಟ್, ಮೇಲೆ ಹಲಗೆ. ಮೊದಲು ತಕ್ಕಡಿ ತಂದೆ. ನನ್ನ ಪುಸ್ತಕಗಳನ್ನು ಒತ್ತಾಗಿ ಜೋಡಿಸಿದರೆ ಒಂದು ಅಡಿಗೆ ಸುಮಾರು 9 ಕೆಜಿ. ನಾಲ್ಕಡಿ ಹಲಗೆಗೆ 36. ಪ್ಲೈವುಡ್ಡಿನ ತೂಕ ಸೇರಿ 40. ಅವ್ವ "ಪರ್ಸಿ ಹಾಕು, ಗಟ್ಟಿ ಇರ್ತದ" ಅಂದಳು. ಪರ್ಸಿ ಅಂದರೆ ಶಹಾಬಾದ್ ಕಲ್ಲಿನ ಚಪ್ಪಡಿ. ಒಂದು ಇಂಚು ದಪ್ಪದ ಪರ್ಸಿ ಒಂದು ಚದರ ಅಡಿಗೆ ಸುಮಾರು 6 ಕೆಜಿ ತೂಗುತ್ತದೆ, ಅಂದರೆ ನಾಲ್ಕಡಿಗೆ 24 ಕೆಜಿ, ಇನ್ನೂ ಒಂದು ಪುಸ್ತಕವೂ ಇಟ್ಟಿಲ್ಲ! ಹಿಂದಿನವರು ಪರ್ಸಿಯನ್ನು ಗೋಡೆ ಕಟ್ಟುವಾಗಲೇ ಒಳಗೆ ಹುಗಿಯುತ್ತಿದ್ದರು. ಮೇಲಿನ ಗೋಡೆಯ ಭಾರವೇ ಅದನ್ನು ಹಿಡಿದುಕೊಳ್ಳುತ್ತಿತ್ತು. ಸ್ಕ್ರೂ ಕಥೆ ಬೇರೆ.

ಭಾರ ಕೆಳಗೆ ಮಾತ್ರ ಎಳೆಯುವುದಿಲ್ಲ, ಮೇಲಿನ ಸ್ಕ್ರೂವನ್ನು ಗೋಡೆಯಿಂದ ಹೊರಗೂ ಕೀಳುತ್ತದೆ. ಒಂದಡಿ ಅಗಲದ ಹಲಗೆಯ ಮೇಲೆ 40 ಕೆಜಿ ಇದ್ದರೆ ಅದರ ನಡುಭಾಗ ಗೋಡೆಯಿಂದ 15 ಸೆಂ.ಮೀ. ದೂರ. 40ಕ್ಕೆ 15 ಗುಣಿಸಿದರೆ 600. ಅದನ್ನು ಮೇಲಿನ, ಕೆಳಗಿನ ಸ್ಕ್ರೂ ನಡುವಿನ ದೂರದಿಂದ ಭಾಗಿಸಿದರೆ ಮೇಲಿನ ಸ್ಕ್ರೂಗಳ ಒಟ್ಟು ಎಳೆತ ಸಿಗುತ್ತದೆ. ಮೇಲಿನ ಮತ್ತು ಕೆಳಗಿನ ಸ್ಕ್ರೂ ನಡುವೆ 20 ಸೆಂ.ಮೀ. ಇರುವ ಸಣ್ಣ ಎಲ್ ಬ್ರಾಕೆಟ್ ಎರಡು ಹಾಕಿದರೆ ಮೇಲಿನ ಒಂದೊಂದು ಸ್ಕ್ರೂಗೂ 15 ಕೆಜಿ ಎಳೆತ. ಸ್ಕ್ರೂಗಳ ನಡುವೆ 90 ಸೆಂ.ಮೀ. ಇರುವ ಉದ್ದ ಪಟ್ಟಿ ಎರಡಾದರೆ, ಅಂಥ ಮೂರು ಹಲಗೆ ಹೊತ್ತರೂ ಮೇಲಿನ ಸ್ಕ್ರೂಗೆ ತಲಾ 10 ಕೆಜಿ ಅಷ್ಟೇ. ನಮ್ಮ ಗೋಡೆಯ ಮಣ್ಣು ಅಷ್ಟನ್ನೂ ತಡೆದಿಲ್ಲ ಅಂತಾಯಿತು. ಇನ್ನು ನಮ್ಮ ಅಕ್ಕನ ಮಗ ಇದ್ದಾನೆ, 25 ಕೆಜಿ. ಅವನು ಹಲಗೆಯ ತುದಿಗೆ ಜೋತುಬಿದ್ದರೆ 25 ಗುಣಿಸು 30, ಅಂದರೆ 750. ಒಂದು ಹಲಗೆ ತುಂಬ ಪುಸ್ತಕಕ್ಕಿಂತ ಅವನೇ ಜಾಸ್ತಿ!

ಹಳೇ ಹಲಗೆಗಳು ನಡುವೆ ಜೋತಿದ್ದವು. ಪಟ್ಟಿಗಳು 90 ಸೆಂ.ಮೀ. ಅಂತರದಲ್ಲಿದ್ದವು. ಅದನ್ನು 60ಕ್ಕೆ ಇಳಿಸಿದರೆ, ಅಡಿಗೆ ಅಷ್ಟೇ ಭಾರ ಇದ್ದರೂ, ಜೋತುಬೀಳುವುದು ಐದನೇ ಒಂದು ಪಾಲಿಗೆ ಬರುತ್ತದೆ. ಹಾಗಾಗಿ ಮೂರು ಪಟ್ಟಿ, 18 ಮಿ.ಮೀ. ಪ್ಲೈವುಡ್. ಇಲ್ಲಿ ಒಂದು ಮೋಸ ಇದೆ. ಮೂರು ಪಟ್ಟಿ ಅಂದಮೇಲೆ ಭಾರ ಮೂರು ಸಮಪಾಲು ಅಂದುಕೊಂಡಿದ್ದೆ. ಅಲ್ಲ. ತುದಿಗೆರಡು, ನಡುವೆ ಒಂದು ಇದ್ದರೆ ನಡುವಿನದೇ ಎಂಟರಲ್ಲಿ ಐದು ಪಾಲು ಹೊರುತ್ತದೆ. 40ರಲ್ಲಿ 25 ಕೆಜಿ. ಅದಕ್ಕೇ ಒಳ್ಳೇ ಕಲ್ಲು ಸಿಗಬೇಕಾದದ್ದು ನಡುವಿನ ಪಟ್ಟಿಗೆ.

ಕಲ್ಲು ಹುಡುಕಿದ್ದು ಡ್ರಿಲ್ ಪುಡಿ ನೋಡಿ. ಮೊದಲು ಗಿಲಾವು ಬರುತ್ತದೆ, ನಮ್ಮಲ್ಲಿ ಸುಮಾರು 20 ಮಿ.ಮೀ., ಅದು ಭಾರ ಹೊರುವುದಿಲ್ಲ. ಆಮೇಲೆ ಬೂದು ಪುಡಿ ಬಂದರೆ ಕಲ್ಲು. ಕೆಂಪು ಪುಡಿ ಬಂದು ಬಿಟ್ ಸುಮ್ನೆ ಒಳಗೆ ಜಾರಿದರೆ ಸಂದು, ಆ ತೂತು ಮುಚ್ಚಿ ಪಕ್ಕಕ್ಕೆ ಹೋಗಬೇಕು. ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ ನಿಧಾನ ಕೊರೆದೆ, ಯಾಕೆಂದರೆ ಶಹಾಬಾದ್ ಕಲ್ಲು ಪದರ ಪದರ, ಕುಟ್ಟಿದರೆ ಸೀಳುತ್ತದೆ. ಗಿಟ್ಟಿ ಪೂರ್ತಿ ಕಲ್ಲಿನೊಳಗೆ ಕೂರಲಿ ಅಂತ 75 ಮಿ.ಮೀ. ಸ್ಕ್ರೂ. ಗೋಡೆ ಉಬ್ಬುತಗ್ಗು ಇದ್ದಲ್ಲಿ ಪಟ್ಟಿಯ ಹಿಂದೆ ವಾಷರ್ ಕೊಟ್ಟು ತೂಗುಗುಂಡು ಬಿಟ್ಟು ನೇರ ಮಾಡಿದೆ.

ಆಮೇಲೆ ಪರೀಕ್ಷೆ. ಒಂದು ಹಲಗೆಯ ಭಾರದ ಒಂದೂವರೆ ಪಟ್ಟು ಅಂತ ನಾನೇ ಇಟ್ಟುಕೊಂಡೆ, 60 ಕೆಜಿ. 20 ಲೀಟರ್ ನೀರಿನ ಕ್ಯಾನ್ ಮೂರು, ಲೆಕ್ಕ ಸುಲಭ. ಮೇಲಿನ ಹಲಗೆಯ ಮೇಲೆ ಇಟ್ಟೆ, ಒಂದೊಂದಾಗಿ, ಕೆಳಗೆ ಹಳೇ ಗಾದಿ ಹಾಸಿ. ಹಲಗೆಯ ಎರಡು ತುದಿಗೆ ದಾರ ಬಿಗಿದು ನಡುವೆ ಸ್ಕೇಲ್ ಹಿಡಿದು ಅಳೆದೆ, ಪಟ್ಟಿಯ ಅಂಚಿಗೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದೆ. ಒಂದು ಹಗಲು ಒಂದು ರಾತ್ರಿ ಹಾಗೇ ಬಿಟ್ಟೆ. "ನೀರಿನ ಕ್ಯಾನ್ ಗ್ವಾಡಿ ಮ್ಯಾಲ ಯಾಕಪಾ, ಹುಚ್ಚ ಹಿಡದದೇನು?" ಅಂತ ಅವ್ವ.

ಮರುದಿನ ಹಲಗೆಯ ಮುಂದಿನ ಅಂಚು 2 ಮಿ.ಮೀ. ಇಳಿದಿತ್ತು. ಕ್ಯಾನ್ ಇಳಿಸಿದ ಮೇಲೆ ವಾಪಸ್ ಬಂತು. ಅದು ಭಾರಕ್ಕೆ ಬಾಗಿದ್ದಷ್ಟೇ, ಪರವಾಗಿಲ್ಲ. ಎಡಗಡೆಯ ಪಟ್ಟಿಯದು ಹಾಗಲ್ಲ. ಮೇಲೆ ಗೋಡೆಗೂ ಪಟ್ಟಿಗೂ ನಡುವೆ ಒಂದು ಕಾರ್ಡ್ ತೂರುವಷ್ಟು ಸಂದು, ಕೆಳಗೆ ನೆಲದ ಮೇಲೆ ಒಂದು ಚಿಟಿಕೆ ಕೆಂಪು ಪುಡಿ. ಕ್ಯಾನ್ ಇಳಿಸಿದರೂ ಸಂದು ಮುಚ್ಚಲಿಲ್ಲ. ಕೊರೆಯುವಾಗ ಬೂದು ಪುಡಿ ಬಂದಿತ್ತು, ಆದರೆ ಕಲ್ಲಿನ ಅಂಚಿಗೆ ಬಿದ್ದಿದ್ದೆ ಅಂತ ಕಾಣುತ್ತದೆ. ಬಿಚ್ಚಿ ಮೂರು ಇಂಚು ಬಲಕ್ಕೆ ಸರಿಸಿ ಮತ್ತೆ ಕೊರೆದು ಮತ್ತೆ ಅದೇ ಮೂರು ಕ್ಯಾನ್ ಇಟ್ಟೆ. ಈ ಸಲ ಪಟ್ಟಿ ಪೆನ್ಸಿಲ್ ಗೆರೆ ಬಿಟ್ಟು ಕದಲಲಿಲ್ಲ.

ಪುಸ್ತಕ ಜೋಡಿಸಿ ಎಂಟು ತಿಂಗಳಾಯಿತು. ಕೆಳಗಿನ ಹಲಗೆಯ ತುದಿಯಲ್ಲಿ ಅವ್ವ ಹೇಳದೇ ಕೇಳದೇ ತೊಗರಿಬೇಳೆ ಡಬ್ಬಿ ತಂದಿಟ್ಟಿದ್ದಾಳೆ. ತೂಗಿ ನೋಡಿದೆ, 11 ಕೆಜಿ. ಅಲ್ಲಿದ್ದ ಎರಡು ನಿಘಂಟು ಈಗ ನನ್ನ ಮಂಚದ ಕೆಳಗಿವೆ.