ಅರವತ್ಮೂರಕ್ಕೆ ಹೊಸ ರೋಡ್ ಬೈಕ್: ಹ್ಯಾಂಡಲ್ ಎತ್ತರದ ಲೆಕ್ಕಾಚಾರ

ಜೂನ್: ಏನು ಬೇಕು, ಏನು ಬೇಡ

ನನಗೀಗ 63. ಮನೆಯಲ್ಲಿರುವ ರೋಡ್ ಬೈಕ್ ತಗೊಂಡಾಗ ಇನ್ನೂ ಐವತ್ತು ದಾಟಿರಲಿಲ್ಲ. ರೇಸಿಗೆ ಅಂತ ಮಾಡಿದ ಅಲ್ಯೂಮಿನಿಯಂ ಸೈಕಲ್ಲು, 23 ಎಂಎಂ ಟೈರು, ಸೀಟಿಗಿಂತ ನಾಲ್ಕು ಇಂಚು ಕೆಳಗೆ ಹ್ಯಾಂಡಲ್. ಆಗ ಅದೇ ಚೆನ್ನಾಗಿತ್ತು. ಈಗ ಒಂದು ಗಂಟೆ ತುಳಿಯುವಷ್ಟರಲ್ಲಿ ಕತ್ತು ಹಿಡಿದುಕೊಳ್ಳುತ್ತದೆ. ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತವೆ.

ಡಾಕ್ಟರು ಎಕ್ಸ್‌ರೇ ನೋಡಿ, "ವಯಸ್ಸಿಗೆ ತಕ್ಕ ಸವೆತ, ಅಷ್ಟೇ. ಸೈಕಲ್ ಬಿಡಬೇಕಾಗಿಲ್ಲ. ಗಲ್ಲ ಎತ್ತಿಕೊಂಡು ಅಷ್ಟು ಹೊತ್ತು ಕೂರಬೇಡಿ" ಅಂದರು. ಬೆರಳಿನ ಜೋಮಿಗೂ ಕಾರಣ ಹೇಳಿದರು. ಅಂಗೈಯಲ್ಲಿ ಕಿರುಬೆರಳಿನ ಕಡೆಯ ಬುಡದಲ್ಲಿ ಅಲ್ನಾರ್ ನರ ಹಾದು ಹೋಗುತ್ತದೆ. ಹ್ಯಾಂಡಲ್ ತಗ್ಗಿದ್ದಷ್ಟೂ ಮೈಭಾರ ಮುಂದಕ್ಕೆ ವಾಲಿ ಅದನ್ನೇ ಒತ್ತುತ್ತದೆ.

ಮಗ ಫೋನಲ್ಲಿ, "ಅಪ್ಪಾ, ಸುಮ್ನೆ ಒಂದು ಹೈಬ್ರಿಡ್ ತಗೊಳ್ಳಿ, ಆರಾಮಾಗಿ ಓಡಾಡಿ" ಅಂದ. ಎಲ್ಲರೂ ಕೊಡುವ ಸಲಹೆ ಇದೇ. ನನಗೆ ಒಪ್ಪಿಗೆ ಇಲ್ಲ. ಹೈಬ್ರಿಡ್ ಅಂದರೆ ನೆಟ್ಟಗೆ ಕೂತು ಓಡಿಸುವ, ನೇರ ಹ್ಯಾಂಡಲಿನ ಸೈಕಲ್ಲು. ಆ ಹ್ಯಾಂಡಲ್ ಹಿಡಿಯಲು ಇರುವುದು ಒಂದೇ ಜಾಗ. ಅರ್ಧ ಗಂಟೆಗೆ ಅದು ಹಾಯಾಗಿರುತ್ತದೆ, ಎರಡು ಗಂಟೆಗೆ ಮಣಿಕಟ್ಟು ಕೇಳುವುದಿಲ್ಲ. ರೋಡ್ ಬೈಕಿನ ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲ್ ಆದರೆ ಮೇಲಿನ ಅಡ್ಡಪಟ್ಟಿ, ಬ್ರೇಕ್ ಲಿವರಿನ ರಬ್ಬರ್ ಹುಡ್, ಕೆಳಗಿನ ಬಾಗು, ಹೀಗೆ ಮೂರು ಕಡೆ ಕೈ ಬದಲಾಯಿಸಬಹುದು. ಹ್ಯಾಂಡಲ್ ಅದೇ ಇರಲಿ, ಸ್ವಲ್ಪ ಮೇಲಕ್ಕೆ, ಸ್ವಲ್ಪ ಹತ್ತಿರಕ್ಕೆ ಬರಲಿ. ನನ್ನ ಬೇಡಿಕೆ ಇಷ್ಟೇ.

ನಾನು ತುಳಿಯುವ ರಸ್ತೆಯ ಬಗ್ಗೆಯೂ ಹೇಳಬೇಕು. ಮೈಸೂರಿನಿಂದ ವರುಣಾ ನಾಲೆ ಕಡೆ, ಕೆಆರ್‌ಎಸ್, ಶ್ರೀರಂಗಪಟ್ಟಣ, ಆಗಾಗ ಚಾಮುಂಡಿ ಬೆಟ್ಟ. ಬೆಂಗಳೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ 1ರಿಂದ ಬೈಕು, ಆಟೋ, ಸೈಕಲ್ ಯಾವುದೂ ಹೋಗುವಂತಿಲ್ಲ. ನಮಗೆ ಉಳಿದಿರುವುದು ಸರ್ವಿಸ್ ರಸ್ತೆ. ಅಲ್ಲಿಯ ಹಂಪು, ಕಿತ್ತ ಟಾರು, ಜಲ್ಲಿ ಎಲ್ಲದರ ಮೇಲೂ 23 ಎಂಎಂ ಟೈರಿನಲ್ಲಿ ಹೋದರೆ ಹಲ್ಲು ಅಲ್ಲಾಡುತ್ತದೆ.

ಜುಲೈ: ಮೊದಲು ಹಳೇ ಸೈಕಲ್ಲಿಗೇ ಕೈ

ದುಡ್ಡು ಬಿಚ್ಚುವ ಮುಂಚೆ ಇರುವುದರಲ್ಲೇ ಎಷ್ಟು ಆಗುತ್ತದೆ ನೋಡೋಣ ಅಂತ ಅಲೆನ್ ಕೀ ತಗೊಂಡು ಕೂತೆ. ಸ್ಟೆಮ್ (ಹ್ಯಾಂಡಲನ್ನು ಸೈಕಲ್ಲಿಗೆ ಹಿಡಿದಿಡುವ ಗಿಡ್ಡ ತುಂಡು) ಬಿಚ್ಚಿ ತಲೆಕೆಳಗು ಮಾಡಿ ಹಾಕಿದೆ. ನನ್ನದು 100 ಎಂಎಂ ಉದ್ದ, ಆರು ಡಿಗ್ರಿ ಓರೆಯ ಸ್ಟೆಮ್. ತಿರುಗಿಸಿ ಹಾಕಿದರೆ ಹ್ಯಾಂಡಲ್ ಸುಮಾರು 20 ಎಂಎಂ ಮೇಲೇರುತ್ತದೆ. ಖರ್ಚು ಸೊನ್ನೆ. ನೋಡಲು ಚೆನ್ನಾಗಿ ಕಾಣಲ್ಲ ಅಂತ ಜೊತೆಯ ಹುಡುಗರು ನಕ್ಕರು. ನಗಲಿ ಬಿಡಿ, ಕತ್ತು ಅವರದ್ದಲ್ಲವಲ್ಲ.

ಕತ್ತಿಗೆ ಗೊತ್ತಾಗುವಷ್ಟು ಆರಾಮ ಸಿಕ್ಕಿತು, ಬೆರಳಿಗೆ ಅಷ್ಟೇನಿಲ್ಲ. ಇನ್ನೂ ಎತ್ತಲು ಸ್ಟೆಮ್ ಕೆಳಗೆ ಸ್ಪೇಸರ್ ಬಳೆ ಹಾಕೋಣ ಅಂದರೆ ಜಾಗವೇ ಇಲ್ಲ. ಕೊಳ್ಳುವಾಗಲೇ ಅಂಗಡಿಯವರು ಸ್ಟೆಮ್ ಕೂರುವ ಕೊಳವೆ, ಅಂದರೆ ಸ್ಟೀರರ್ ಟ್ಯೂಬನ್ನು ಗಿಡ್ಡ ಕತ್ತರಿಸಿಬಿಟ್ಟಿದ್ದಾರೆ. ಟೈರು 25 ಎಂಎಂಗಿಂತ ದಪ್ಪ ಹಾಕಿದರೆ ಬ್ರೇಕಿಗೆ ಉಜ್ಜುತ್ತದೆ. ಅಲ್ಲಿಗೆ ಹಳೇ ಸೈಕಲ್ಲಿನ ಕೆಲಸ ಮುಗಿಯಿತು.

ಆಗಸ್ಟ್: ಗೋಡೆ, ದಾರ, ನಟ್ಟು

ಹೊಸದು ಹುಡುಕುವ ಮುಂಚೆ ಹಳೆಯದರ ಅಳತೆ ಕೈಯಲ್ಲಿರಬೇಕು. ಫ್ರೇಮಿನ ಸೈಜ್ 54, 56 ಅನ್ನುವುದನ್ನು ನಂಬಿ ಪ್ರಯೋಜನ ಇಲ್ಲ. ಒಂದು ಕಂಪನಿಯ 54 ಇನ್ನೊಂದರ 54 ಅಲ್ಲ. ನೋಡಬೇಕಾದ್ದು ಎರಡು ಸಂಖ್ಯೆ: ಸ್ಟ್ಯಾಕ್ ಮತ್ತು ರೀಚ್. ಪೆಡಲ್ ತಿರುಗುವ ಅಚ್ಚಿನ ನಡುವಿನಿಂದ ಹೆಡ್ ಟ್ಯೂಬಿನ (ಸ್ಟೀರರ್ ಹಾದುಹೋಗುವ, ಫ್ರೇಮಿನ ಮುಂದಿನ ಕೊಳವೆಯ) ನೆತ್ತಿ ಎಷ್ಟು ಮೇಲಿದೆ ಅನ್ನುವುದು ಸ್ಟ್ಯಾಕ್. ಅದೇ ಅಚ್ಚಿನಿಂದ ಆ ನೆತ್ತಿ ಎಷ್ಟು ಮುಂದಿದೆ ಅನ್ನುವುದು ರೀಚ್.

ಮನೆಯಲ್ಲೇ ಅಳೆಯಬಹುದು. ವರಾಂಡದಲ್ಲಿ ಹಿಂದಿನ ಚಕ್ರ ಗೋಡೆಗೆ ತಾಗುವಂತೆ ಸೈಕಲ್ ನೆಟ್ಟಗೆ ನಿಲ್ಲಿಸಿ, ನಮ್ಮನೆಯವಳ ಕೈಗೆ ಸೀಟು ಹಿಡಿಯಲು ಕೊಟ್ಟೆ. ದಾರಕ್ಕೆ ಒಂದು ನಟ್ಟು ಕಟ್ಟಿ ಹೆಡ್ ಟ್ಯೂಬಿನ ನೆತ್ತಿಯಿಂದ ಇಳಿಬಿಟ್ಟೆ. ನಟ್ಟು ಅಲ್ಲಾಡುವುದು ನಿಂತ ಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು. ಅಚ್ಚಿನ ನಡುವಿನಿಂದಲೂ ಹಾಗೇ ಇನ್ನೊಂದು. ಗೋಡೆಯಿಂದ ಮೊದಲ ಗುರುತಿಗೆ 1,132 ಎಂಎಂ, ಎರಡನೆಯದಕ್ಕೆ 740. ಕಳೆದರೆ ರೀಚ್ 392. ನೆಲದಿಂದ ನೆತ್ತಿಗೆ 833, ಅಚ್ಚಿಗೆ 268. ಕಳೆದರೆ ಸ್ಟ್ಯಾಕ್ 565. "ಇಷ್ಟಕ್ಕೆ ಅರ್ಧ ಗಂಟೆ ನಿಲ್ಲಿಸಿದಿರಾ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ" ಅಂತ ಅವಳು ಒಳಗೆ ಓಡಿದಳು.

ಸೀಟಿಗೂ ಅಳತೆ ತಗೊಂಡೆ. ಮೆತ್ತನೆಯ ಜೆಲ್ ಸೀಟು ಹಾಕಿದರೆ ಎಲ್ಲ ಸರಿಹೋಗುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ತುಂಬ ಮೆತ್ತಗಿದ್ದರೆ ಕೂರುವ ಮೂಳೆ ಅದರೊಳಗೆ ಹೂತು, ಒತ್ತಡವೆಲ್ಲ ನಡುವಿನ ಸೂಕ್ಷ್ಮ ಜಾಗಕ್ಕೆ ಬೀಳುತ್ತದೆ. ಸೀಟು ಗಟ್ಟಿಯಾಗಿ, ನಮ್ಮ ಮೂಳೆಯ ಅಗಲಕ್ಕೆ ಸರಿಯಾಗಿರಬೇಕು. ಅದಕ್ಕೊಂದು ಸುಲಭದ ದಾರಿ ಇದೆ. ಅಲೆಅಲೆಯ ರಟ್ಟಿನ ಡಬ್ಬ ಬಿಚ್ಚಿ, ಮರದ ಸ್ಟೂಲಿನ ಮೇಲೆ ಹಾಸಿ, ಮೊಣಕಾಲು ಸ್ವಲ್ಪ ಎತ್ತಿ ಕೂತು ಏಳಿ. ರಟ್ಟಿನಲ್ಲಿ ಎರಡು ತಗ್ಗು ಬಿದ್ದಿರುತ್ತವೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ನನಗೆ 120 ಎಂಎಂ ಬಂತು. ಅದಕ್ಕೆ ಎರಡರಿಂದ ಮೂರು ಸೆಂ.ಮೀ. ಸೇರಿಸಿದರೆ ಸೀಟಿನ ಅಗಲ. ನನ್ನ ಹಳೇ ಸೀಟು 130. ಸಾಲದು.

ಸೆಪ್ಟೆಂಬರ್: ಅಂಗಡಿ ಸುತ್ತಾಟ

ಮೈಸೂರು, ಬೆಂಗಳೂರು ಎರಡೂ ಕಡೆ ಸುತ್ತಿದೆ. ಒಂದು ಅಂಗಡಿಯಲ್ಲಿ ನನ್ನ ಬಿಳಿ ಮೀಸೆ ನೋಡಿದ ಕೂಡಲೇ ಹುಡುಗ, "ಅಂಕಲ್, ಹೈಬ್ರಿಡ್ ಆ ಕಡೆ ಇದೆ" ಅಂದ. ಸ್ಟ್ಯಾಕ್ ಎಷ್ಟು ಅಂತ ಕೇಳಿದೆ. "ಸ್ಟಾಕ್ ಇದೆ ಅಂಕಲ್, ಮೂರು ಕಲರ್" ಅಂದ. ಪಾಪ.

ಇನ್ನೊಂದು ಕಡೆ ಅನುಭವ ಇರುವವರೇ ಇದ್ದರು. ಆದರೂ ಒಂದು ಸಲಹೆ ಮಾತ್ರ ಒಪ್ಪಲಿಲ್ಲ. "ನಿಮಗೆ ಕೈ ದೂರ ಅನ್ನಿಸಿದರೆ ಒಂದು ಸೈಜ್ ಚಿಕ್ಕದು ತಗೊಳ್ಳಿ ಸರ್" ಅಂದರು. ಚಿಕ್ಕ ಫ್ರೇಮಿನಲ್ಲಿ ಹ್ಯಾಂಡಲ್ ಹತ್ತಿರ ಬರುತ್ತದೆ, ನಿಜ. ಆದರೆ ಕೆಳಕ್ಕೂ ಇಳಿಯುತ್ತದೆ. ಕತ್ತು ನೋವಿನವರಿಗೆ ಅದರಿಂದ ಏನು ಬಂತು? ನಮ್ಮ ವಯಸ್ಸಿನವರು ಮೊದಲು ಎತ್ತರ ಸರಿ ಮಾಡಿಕೊಳ್ಳಬೇಕು. ಹ್ಯಾಂಡಲ್ ಹತ್ತಿರಕ್ಕೆ ಬೇಕಾದರೆ ಗಿಡ್ಡ ಸ್ಟೆಮ್ ಹಾಕಿದರಾಯಿತು. ಇನ್ನೊಂದು ವಿಷಯ: ಹೆಡ್ ಟ್ಯೂಬ್ ಹಿಂದಕ್ಕೆ ವಾಲಿರುವುದರಿಂದ ಸ್ಪೇಸರ್ ಹಾಕಿ 10 ಎಂಎಂ ಎತ್ತಿದರೆ ಹ್ಯಾಂಡಲ್ ತಾನಾಗಿಯೇ ಸುಮಾರು 3 ಎಂಎಂ ಹಿಂದಕ್ಕೂ ಬರುತ್ತದೆ.

ನನಗೆ ಬೇಕಾದ ಜಾತಿಗೆ ಎಂಡ್ಯೂರೆನ್ಸ್ ರೋಡ್ ಬೈಕ್ ಅನ್ನುತ್ತಾರೆ. ತಮಾಷೆ ಅಂದರೆ ಇವು ಹುಟ್ಟಿದ್ದು ನಮ್ಮಂಥವರಿಗಾಗಿ ಅಲ್ಲ. ಫ್ರಾನ್ಸಿನಲ್ಲಿ 1896ರಿಂದ ನಡೆಯುತ್ತಿರುವ ಪ್ಯಾರಿಸ್–ರೂಬೆ ರೇಸಿನಲ್ಲಿ ಕಲ್ಲು ಹಾಸಿನ ದಾರಿ ಐವತ್ತು ಕಿ.ಮೀ.ಗೂ ಜಾಸ್ತಿ ಬರುತ್ತದೆ. ಸ್ಪೆಷಲೈಸ್ಡ್ ಕಂಪನಿ 2004ರಲ್ಲಿ ತಂದ ಮಾಡೆಲ್ಲಿಗೆ ರೂಬೆ ಅಂತಲೇ ಹೆಸರು. ಟ್ರೆಕ್ ಕಂಪನಿಯ ಡೊಮಾನೆ ಬಂದದ್ದು 2012ರಲ್ಲಿ, ಅದೂ ಇಂಥ ಕಲ್ಲುದಾರಿಯ ರೇಸಿಗೆ ಅಂತಲೇ. ಬೆನ್ನು ಗಟ್ಟಿ ಇರುವ ಹುಡುಗರಿಗೆ ಮಾಡಿದ್ದು ಕೊನೆಗೆ ನಮ್ಮ ಬೆನ್ನಿಗೆ ಒದಗಿತು.

ಪರಿಚಯದವರ ರೂಬೆಯನ್ನು ಒಂದು ಸುತ್ತು ಓಡಿಸಿದೆ. ಅದರ ಸ್ಟೆಮ್ ಕೆಳಗೆ 20 ಎಂಎಂ ಆಡುವ ಸ್ಪ್ರಿಂಗ್ ಇದೆ. ಹಂಪ್ ಹತ್ತಿಸಿದರೆ ಕೈಗೆ ಪೆಟ್ಟೇ ಗೊತ್ತಾಗಲಿಲ್ಲ. ಬೆಲೆ ಕೇಳಿ ವಾಪಸ್ ಕೊಟ್ಟೆ. ಆಮೇಲೆ ಸಾಮಾನ್ಯ ಅಲ್ಯೂಮಿನಿಯಂ ಎಂಡ್ಯೂರೆನ್ಸ್ ಸೈಕಲ್ಲಿಗೆ 32 ಎಂಎಂ ಟೈರು ಹಾಕಿದ್ದನ್ನು ಓಡಿಸಿದೆ. ಸ್ಪ್ರಿಂಗಿನ ಮುಕ್ಕಾಲು ಪಾಲು ಸುಖ ಟೈರಿನಲ್ಲೇ ಸಿಕ್ಕಿತು. ಲೆಕ್ಕ ಹಾಕಿದರೆ ಆಶ್ಚರ್ಯ ಏನಿಲ್ಲ. 23ರ ವರ್ಗ 529, 32ರ ವರ್ಗ 1,024. ಟೈರನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಒಳಗೆ ಗಾಳಿಗೆ ಇರುವ ಜಾಗ ಹತ್ತಿರ ಹತ್ತಿರ ಎರಡರಷ್ಟು. ಹಾಗಾಗಿ ಕಮ್ಮಿ ಗಾಳಿಯಲ್ಲೂ ರಿಮ್ಮು ನೆಲಕ್ಕೆ ಬಡಿಯುವುದಿಲ್ಲ.

ಈ ತಿಂಗಳ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಉಳಿದ ದುಡ್ಡಿಗೆ ಮಡ್‌ಗಾರ್ಡು, ಒಳ್ಳೆ ಸೀಟು ಬಂತು.

ನವೆಂಬರ್: ಮನೆಗೆ ಬಂತು

ಬ್ರ್ಯಾಂಡ್ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಹೆಸರು ಹಾಕಿದರೆ ಎಲ್ಲರೂ ಅದನ್ನೇ ಹುಡುಕುತ್ತಾರೆ, ಅಳತೆ ನೋಡುವುದಿಲ್ಲ. ಸ್ಟ್ಯಾಕ್ 595, ರೀಚ್ 378. ಹಳೆಯದಕ್ಕಿಂತ 30 ಎಂಎಂ ಮೇಲೆ, 14 ಎಂಎಂ ಹತ್ತಿರ. ಸ್ಟೀರರ್ ಕತ್ತರಿಸಬೇಡಿ ಅಂತ ಮೊದಲೇ ಹೇಳಿದ್ದೆ. ಹೆಡ್ ಟ್ಯೂಬ್ ಮೇಲೆ 30 ಎಂಎಂ ಸ್ಪೇಸರ್, 90 ಎಂಎಂ ಸ್ಟೆಮ್. ಈಗ ಹ್ಯಾಂಡಲ್ ಮತ್ತು ಸೀಟು ಹೆಚ್ಚುಕಮ್ಮಿ ಒಂದೇ ಮಟ್ಟ.

ತೂಕ ಹಳೆಯದಕ್ಕಿಂತ ಒಂದು ಕೆಜಿ ಜಾಸ್ತಿ. ಆ ಒಂದು ಕೆಜಿಯನ್ನು ಹೊಟ್ಟೆಯಲ್ಲಿ ಇಳಿಸಿಕೊಳ್ಳಬಹುದು ಅಂತ ಮನೆಯಲ್ಲಿ ಅಭಿಪ್ರಾಯ ಬಂದಿದೆ.

ಗಾಳಿ: ನನ್ನ ತೂಕ 74 ಕೆಜಿ. ಹಳೇ ಟೈರಿಗೆ 110 ಪಿಎಸ್‌ಐ ಹೊಡೆಯುತ್ತಿದ್ದೆ. ಈಗ ಹಿಂದೆ 60, ಮುಂದೆ 55. ಇಷ್ಟು ಮೆತ್ತಗಿದ್ದರೆ ಎಳೆಯುತ್ತದೆ ಅಂತ ನಮ್ಮ ಕಾಲದವರ ತಲೆಯಲ್ಲಿ ಕೂತಿದೆ. ನುಣುಪಾದ ಟ್ರ್ಯಾಕಿನಲ್ಲಿ ಗಟ್ಟಿ ಟೈರು ಓಡೀತು. ಒರಟು ರಸ್ತೆಯಲ್ಲಿ ಅದು ಪ್ರತಿ ಕಲ್ಲಿಗೂ ಸೈಕಲ್ಲನ್ನೂ ಸವಾರನನ್ನೂ ಎತ್ತಿ ಹಾಕುತ್ತದೆ, ತುಳಿದ ಶಕ್ತಿ ಅಲ್ಲೇ ಸೋರುತ್ತದೆ. ನಾಲೆ ರಸ್ತೆಯಲ್ಲಿ ನನ್ನ ವೇಗ ಒಂಚೂರೂ ಇಳಿದಿಲ್ಲ.

ಬೆಟ್ಟ: ಇಲ್ಲಿ ಅತಿ ದೊಡ್ಡ ವ್ಯತ್ಯಾಸ. ಹಳೆಯದರಲ್ಲಿ ಅತಿ ಹಗುರ ಗೇರು ಮುಂದೆ 39, ಹಿಂದೆ 25 ಹಲ್ಲು. ನಿಮಿಷಕ್ಕೆ 60 ಸುತ್ತು ತುಳಿಯಬೇಕಾದರೆ ಗಂಟೆಗೆ ಸುಮಾರು 12 ಕಿ.ಮೀ. ವೇಗ ಇರಲೇಬೇಕು. ಬೆಟ್ಟದ ಏರಿನಲ್ಲಿ ನನಗೆ ಅಷ್ಟು ಆಗುವುದಿಲ್ಲ. ಸುತ್ತು 40ಕ್ಕೆ ಇಳಿದು ಇಡೀ ಭಾರ ಮೊಣಕಾಲಿಗೆ ಬೀಳುತ್ತಿತ್ತು. ಹೊಸದರಲ್ಲಿ ಶಿಮಾನೊ ಕಂಪನಿಯ ಟಿಯಾಗ್ರ ಗೇರ್ ಸೆಟ್, ಮುಂದೆ 50 ಮತ್ತು 34, ಹಿಂದೆ 11ರಿಂದ 34. ಹಲ್ಲಿಗೆ ಹಲ್ಲು ಸಮ. ಅದೇ 60 ಸುತ್ತಿಗೆ 8 ಕಿ.ಮೀ.ಗೂ ಕಮ್ಮಿ ವೇಗ ಸಾಕು. ಕೂತಲ್ಲೇ ಕೂತು, ಪಕ್ಕದವರ ಜೊತೆ ಮಾತಾಡಿಕೊಂಡೇ ಚಾಮುಂಡಿ ಬೆಟ್ಟದ ನಂದಿಯ ತಿರುವು ದಾಟಿದೆ.

ಇಳಿಯುವಾಗ ಹೈಡ್ರಾಲಿಕ್ ಡಿಸ್ಕ್ ಬ್ರೇಕ್. ಕೇಬಲ್ ಡಿಸ್ಕ್ ಇದ್ದದ್ದು ಸ್ವಲ್ಪ ಅಗ್ಗಕ್ಕೆ ಸಿಗುತ್ತಿತ್ತು. ಹಿಡಿತ ಕಮ್ಮಿ ಆಗಿರುವ ಬೆರಳಿಗೆ ಈ ಹಣ ದಂಡ ಅಲ್ಲ. ಎರಡೇ ಬೆರಳಲ್ಲಿ ನಿಲ್ಲುತ್ತದೆ.

ಹತ್ತಿ ಇಳಿಯುವ ಬಗ್ಗೆ ಯಾರೂ ಬರೆಯುವುದಿಲ್ಲ, ಅದಕ್ಕೇ ಹೇಳುತ್ತೇನೆ. ಸೊಂಟ ಬಿಗಿಯಾದ ಮೇಲೆ ಸೀಟಿನ ಹಿಂದಿನಿಂದ ಕಾಲು ಬೀಸಿ ಹಾಕುವುದು ಕಷ್ಟ. ಸೈಕಲ್ಲನ್ನು ನಮ್ಮ ಕಡೆಗೆ ಚೆನ್ನಾಗಿ ವಾಲಿಸಿ, ಸೀಟು ತಗ್ಗಿದ ಮೇಲೆ ಕಾಲು ದಾಟಿಸಿ, ಆಮೇಲೆ ನೆಟ್ಟಗೆ ಮಾಡಿ. ಸೀಟಿನ ಹಿಂದೆ ಎತ್ತರದ ಬ್ಯಾಗು ಕಟ್ಟಬೇಡಿ.

ಜನವರಿ: ಈಗಿನ ಸ್ಥಿತಿ

ಕತ್ತು ಎರಡು ಗಂಟೆ ತನಕ ಸುಮ್ಮನಿರುತ್ತದೆ. ಆಮೇಲೆ ಒಂದು ಚಹಾ ಬೇಕು. ಉಂಗುರದ ಬೆರಳಿನ ಜೋಮು ಹೋಗಿದೆ, ಎಡಗೈ ಕಿರುಬೆರಳು ಇನ್ನೂ ಆಗಾಗ ನೆನಪು ಮಾಡುತ್ತದೆ. 145 ಎಂಎಂ ಸೀಟಿನ ಬಗ್ಗೆ ದೂರಿಲ್ಲ.

ಬಾಕಿ ಕೆಲಸ ಎರಡು. ಹ್ಯಾಂಡಲ್ ಟೇಪಿನ ಕೆಳಗೆ ಎಡಗಡೆ ಒಂದು ಸುತ್ತು ದಪ್ಪ ಪ್ಯಾಡ್ ಹಾಕಬೇಕು. ಕ್ರ್ಯಾಂಕ್ (ಪೆಡಲ್ ಹಿಡಿದಿರುವ ತೋಳು) ಈಗ 172.5 ಎಂಎಂ ಇದೆ. 165 ಹಾಕಿದರೆ ಮೊಣಕಾಲು, ಸೊಂಟ ಎರಡೂ ಕಮ್ಮಿ ಮಡಚುತ್ತವೆ. ಆಗ ಸೀಟು ಏಳೆಂಟು ಎಂಎಂ ಎತ್ತಬೇಕು, ಸೀಟು ಎತ್ತಿದರೆ ಹ್ಯಾಂಡಲ್ ಮತ್ತೆ ಅಷ್ಟೇ ತಗ್ಗಿದ ಹಾಗೆ. ಅದಕ್ಕೇ ಸ್ಟೀರರ್ ಇನ್ನೂ ಕತ್ತರಿಸಿಲ್ಲ. 165ರ ಕ್ರ್ಯಾಂಕ್ ಬೆಂಗಳೂರಿನಿಂದ ಬರಬೇಕು, ಆರ್ಡರ್ ಕೊಟ್ಟಾಗಿದೆ.